ಗೆದ್ದವರ ಕಂಬಳಿ

ಕಂಬಳಿಯ ಅಂಚಿನ ಕೊನೆಯ ಎಳೆಗಳಿಗೆ ಪುತಳಾಬಾಯಿ ಗಂಟು ಹಾಕುತ್ತಿದ್ದಾಗ ಎಕಂಬಾ ಊರಿನ ಕಟ್ಟೆಯ ಕಡೆಯಿಂದ ಪಟಾಕಿ ಸದ್ದು ಕೇಳಿತು. ಚುನಾವಣೆಯಲ್ಲಿ ಆಳುವ ಪಕ್ಷ ಸೋತಿತ್ತು. ಅವಳ ಬೆರಳುಗಳು ಗಂಟಿನ ಮೇಲೆಯೇ ನಿಂತವು. ಎಣ್ಣೆ, ಗ್ಯಾಸು ತುಟ್ಟಿಯಾಗಿ, ಕಂಬಳಿ ಕೇಳುವವರಿಲ್ಲದೆ ಮನೆಯ ಮಗ್ಗ ನಿಂತುಹೋದ ಸಿಟ್ಟಿನಲ್ಲಿ ಅವಳು ಈ ಸಲ ಬೇರೆ ಗುಂಡಿ ಒತ್ತಿ ಬಂದಿದ್ದಳು. ಯಾರಿಗೂ ಹೇಳಿರಲಿಲ್ಲ. ಅವಳಿಗೂ ಯಾರೂ ಹೇಳಿರಲಿಲ್ಲ. ಊರೆಲ್ಲ ಬೇರೆ ಬೇರೆ ಮನೆಗಳಲ್ಲಿ ಮಲಗಿ ಒಂದೇ ಕನಸು ಕಂಡಂತಾಗಿತ್ತು.

ಮೈದುನ ಹಣಮಂತಪ್ಪ ಓಡಿ ಬಂದ. "ವೈನಿ, ಕಂಬಳಿ ಲಗೂ ಕೊಡ್ರಿ. ಗೆದ್ದಾವ್ರು ಔರಾದದಿಂದ ಹೊಂಟಾರ. ಹೆಗಲಿಗಿ ಹೊಚ್ಚಬೇಕು."

"ಮುಂಜಾನಿ ಸೋತಾವ್ರ ಟೋಪಿ ನಿಮ್ಮ ತಲಿ ಮ್ಯಾಲ ಇತ್ತಲ್ರಿ?"

"ಶಕಿ ಆಗ್ಲಿಕತ್ತಿತ್ರಿ, ತಗದೆ," ಎಂದು ಅವನು ನಕ್ಕ.

ಅವಳೂ ನಕ್ಕಳು. ಈಗ ಸೋತವರು ಹಿಂದೆ ಗೆದ್ದ ದಿನ ಹೊದ್ದದ್ದೂ ಅವಳ ಕೈಯ ಕಂಬಳಿಯನ್ನೇ. ಅದನ್ನು ಹೊದ್ದು ಕಾರು ಹತ್ತಿದವರು ಮತ್ತೆ ಈ ಓಣಿಗೆ ಬಂದದ್ದು ವೋಟು ಕೇಳಲು. ಮಗ್ಗ ನಿಲ್ಲುವ ಮೊದಲು ನೇಯ್ದ ಈ ಕೊನೆಯ ಕಂಬಳಿ ಅವಳ ಮಡಿಲಲ್ಲಿ ನಿದ್ದೆಹೋದ ಕುರಿಮರಿಯಂತೆ ಬೆಚ್ಚಗಿತ್ತು.

"ಗಂಟು ಇನ್ನಾ ಮುಗದಿಲ್ಲ. ಹಾರ ತಗೊಂಡು ನೀವು ಮುಂದ ನಡೀರಿ," ಎಂದಳು.

ಅವನು ಹೋದ ಮೇಲೆ ಕೊನೆಯ ಗಂಟು ಬಿಗಿದು, ಕಂಬಳಿಯನ್ನು ಮಡಿಚಿ ತನ್ನ ಟ್ರಂಕಿನ ತಳದಲ್ಲಿಟ್ಟಳು. ಗೆದ್ದವರಿಗೆ ವೋಟು ಕೊಟ್ಟಾಗಿತ್ತು. ಕಂಬಳಿಯ ಮಾತು, ಅವರ ಐದು ವರ್ಷ ನೋಡಿದ ಮೇಲೆ.