ಸುತ್ತುದಾರಿ

ಸ್ಕ್ಯಾನ್ ಬೆಳಕಿಗೆ ಹಿಡಿದು ಡಾಕ್ಟರು ಹೇಳಿದರು: “ಇದು ಮಲ್ಟಿಪಲ್ ಸ್ಕ್ಲೆರೋಸಿಸ್. ನರದ ಮ್ಯಾಲಿನ ಹೊದಿಕಿ ಸವದೈತಿ. ಮಿದುಳಿನ ಒಂದು ಕಡೆಯ ಸುದ್ದಿ ಇನ್ನೊಂದು ಕಡೆ ಮುಟ್ಟಾಕ ಸುತ್ತುದಾರಿ ಹಿಡೀತೈತಿ.”

“ಇಕಿ ನೆನಪಿಗೇನೂ ಆಗಿಲ್ಲಲ್ರಿ?” ಗಂಡನಿಗೆ ಅದೊಂದೇ ಭಯ.

“ಕೇಳೇ ನೋಡೋಣು. ಅಮ್ಮಾ, ನಿಮ್ಮ ಯಜಮಾನ್ರ ಹೆಸರೇನು?”

ಅವಳು ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಡಾಕ್ಟರ ಮುಖ ಬಿಗಿಯಾಯಿತು.

ಗಂಡ ನಕ್ಕುಬಿಟ್ಟ. “ಗಂಡನ ಹೆಸರು ಹೆಂಗ ಹೇಳ್ತಾಳ್ರಿ? ಮದುವ್ಯಾಗ ಹೆಂಗಸರು ಹೊಸ್ತಿಲಕ್ಕ ಅಡ್ಡ ನಿಂತು ಪ್ರಾಸದ ಒಡಪಿನಾಗ ನನ್ನ ಹೆಸರು ಸೇರಿಸಿ ಹೇಳಿಸಿದ್ದೇ ಕಡೀದು.”

ಡಾಕ್ಟರೂ ನಕ್ಕು, ನೆನಪು ಗಟ್ಟಿ ಇದೆ ಎಂದು ಕಳಿಸಿಕೊಟ್ಟರು.

ಆಟೊದಲ್ಲಿ ಅವಳು ಮೆಲ್ಲಗೆ ಅಂದಳು: “ರೀ, ಒಡಪು ಪೂರಾ ನೆನಪೈತಿ. ಅದರಾಗಿನ ಹೆಸರೊಂದೇ ನೆನಪಾಗವಲ್ದು.”