ರೋಗದ ಹೆಸರಿನ ಬೈಗುಳ

"ಕ್ಯಾನ್ಸರ್ ಬಡಿಯ ನಿಂಗೆ, ಬೇಗ ಎತ್ತೋ!" ಎಂದು ಕಿರುಚಿದ ಮರುಗಳಿಗೆಯೇ ಮೇಸ್ತ್ರಿ ವೀಬೆ ಬಾಯಿ ಮುಚ್ಚಿಕೊಂಡ. ಟೊಮ್ಯಾಟೊ ಕ್ರೇಟು ಹಿಡಿದಿದ್ದ ಕೋಸ್ಟೆಲ್ ನಿಂತಲ್ಲೇ ನಿಂತ. ಅವನ ಗಂಟಲಿನ ಗಡ್ಡೆ ಅದೇ ರೋಗವೆಂದು ಡಾಕ್ಟರು ಹೇಳಿದ್ದು ನಿನ್ನೆ; ಹಾಲೆಂಡಿನ ಆ ಪ್ಯಾಕಿಂಗ್ ಶೆಡ್ಡಿಗೆಲ್ಲ ಗೊತ್ತಿತ್ತು. ಅವನು ಕೆಲಸಕ್ಕೆ ಬಂದ ದಿನದಿಂದ ವೀಬೆ ಬೈಯುತ್ತಿದ್ದುದೂ ಅದೊಂದೇ ಮಾತು.

ಪಕ್ಕದಲ್ಲಿ ಹಣ್ಣು ಆರಿಸುತ್ತಿದ್ದ ಡಾನೂಟ ಓಡುತ್ತಿದ್ದ ಬೆಲ್ಟ್ ನಿಲ್ಲಿಸಿದಳು. "ನಾವು ಪೋಲೆಂಡಿನವರು ಸೂಳೆ ಅಂತೀವಿ, ಜರ್ಮನ್ನರು ಹೇಲು ಅಂತಾರೆ. ನೀವು ಡಚ್ಚರು ಮಾತ್ರ ರೋಗಾನೇ ಮನೆಗೆ ಕರೀತೀರಲ್ಲ, ಮೇಸ್ತ್ರಿ!"

"ಅದು ಬರೀ ಮಾತು ಕಣಮ್ಮ. ನಮ್ಮಪ್ಪ ಸೈಕಲ್ಲಿಗೂ ಹಾಗೇ ಬೈತಿದ್ದ." ವೀಬೆ ನಗಲು ನೋಡಿದ, ಯಾರೂ ನಗಲಿಲ್ಲ. ಅವನು ಕೋಸ್ಟೆಲ್‌ನ ಕೈಯಿಂದ ಕ್ರೇಟು ತೆಗೆದುಕೊಂಡ. ಮೇಸ್ತ್ರಿ ಕ್ರೇಟು ಹೊತ್ತದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಎಲ್ಲಿ ಇಳಿಸಬೇಕೆಂದು ತೋಚದೆ ಅದನ್ನು ಎದೆಗವಚಿಕೊಂಡೇ ನಿಂತ.

"ನೋಡೋ, ನೀವು ರುಮೇನಿಯಾದವರು ತಾಯಿಗೆ, ಸತ್ತವರಿಗೆ ಬೈತೀರಲ್ವಾ? ನಮ್ಮಮ್ಮ ಹೋದ ಚಳಿಗಾಲದಲ್ಲಿ ತೀರ್ಕೊಂಡ್ಲು. ಬೈಯಿ ಅವಳಿಗೆ. ನಿನ್ನ ಭಾಷೇಲೇ, ಎಲ್ಲರೆದುರಿಗೆ, ನಿಂಗೊತ್ತಿರೋದ್ರಲ್ಲೇ ಕೆಟ್ಟದ್ದು. ನಿಂದೂ ನಂದೂ ಸರಿಹೋಗ್ಲಿ."

ಬಿಗಿಯಾದ ಬಾಗಿಲಿಗೂ ಮುರಿದ ಗಾಡಿಗೂ ಕೋಸ್ಟೆಲ್ ದಿನಾ ಸತ್ತವರ ಹೆಸರಿನ ಆ ಬೈಗುಳ ಬೈಯುತ್ತಿದ್ದವನೇ. ಈಗ ಅವನು ಬಾಯಿ ತೆರೆದ. ಹೊಡೆತಕ್ಕೆ ಬೆನ್ನೊಡ್ಡಿದವನಂತೆ ವೀಬೆ ಕಣ್ಣು ಮುಚ್ಚಿ ಕಾದ.

"ಇಲ್ಲ," ಎಂದ ಕೋಸ್ಟೆಲ್. "ಬೈಯಲ್ಲ."