ಕತ್ತರಿ ತಾಗದ ಕುಂಚಿಗಿ

“ಕತ್ತರಿ ಹಾಕೂದಿದ್ರ ಕಂಬಳಿ ಕೊಡೂದಿಲ್ಲ ಬೇ,” ಎನ್ನುತ್ತ ಕಂಬಳಿ ನೇಯುವ ಲಗಮಣ್ಣ ಸುಂದರವ್ವನ ಕೈಯಿಂದ ಕಂಬಳಿಯನ್ನು ಕಿತ್ತುಕೊಂಡ. “ಇದರ ಮ್ಯಾಲೆ ಬೀರಪ್ಪನ್ನ ಕುಂದರಸ್ತೇವಿ. ಕತ್ತರಿ ತಾಗಿದ್ದರ ಮ್ಯಾಲೆ ದೇವರು ಕೂಡೂದಿಲ್ಲ.”

“ದೇವರು ಕೂಡೂದು ಬ್ಯಾಡೋ ಯಣ್ಣಾ. ನನ್ನ ಗಂಡ ಎದ್ದು ನಿಂತ್ರ ಸಾಕಾಗತೈತಿ.”

ಕಂಬಳಿ ಕತ್ತರಿಸಿ ಗಂಡನಿಗೆ ತೋಳಿನ ಅಂಗಿ ಹೊಲಿಯಬೇಕೆಂದಿದ್ದಳು. ಜಮಖಂಡಿ ಸಂತೆಯಲ್ಲಿ ಅದು ಅವಳ ಆ ದಿನದ ಎರಡನೆಯ ಸೋಲು. ಮೊದಲನೆಯದು ಬಟ್ಟೆ ಅಂಗಡಿಯಲ್ಲಿ ಆಗಿತ್ತು. ಯುದ್ಧ ಮುಗಿದ ಮೇಲೆ ಮಿರಜದಿಂದ ಬಂದ ಸಿಪಾಯಿಯ ಹಳೆಯ ಕೋಟು ಅಲ್ಲಿ ತೂಗುತ್ತಿತ್ತು. ತೋಳಿತ್ತು, ತಲೆ ಮುಚ್ಚುವ ಟೊಪ್ಪಿಗೆಯೂ ಇತ್ತು. ಹದಿನಾಲ್ಕು ರೂಪಾಯಿ. ನೇಕಾರರ ಮನೆಯ ಸುಂದರವ್ವ ಅಂಚಿನ ಒಂದು ಎಳೆ ಹಿರಿದು ಜಗ್ಗಿದಳು. ಪಟ್ಟನೆ ಹರಿಯಿತು. “ಇದನ್ನ ಹಾಕ್ಕೊಂಡಾಂವ ಗೆದ್ದು ಬಂದಿದ್ದ ದೊಡ್ಡ ಮಾತು,” ಎಂದು ಹೇಳಿ ಮೆಟ್ಟಿಲಿಳಿದಿದ್ದಳು.

ಅವಳ ಊರು ಬನಹಟ್ಟಿಯಲ್ಲಿ ಮಗ್ಗಕ್ಕೆ ಏರಿಸುವ ಮುನ್ನ ನೂಲಿನ ಹಾಸನ್ನು ಬೀದಿಯುದ್ದಕ್ಕೂ ಬಿಗಿದು ಗಂಜಿ ಬಳಿಯುತ್ತಾರೆ. ಬಿಸಿಲೇರಿದರೆ ಗಂಜಿ ಬೇಗ ಒಣಗಿ ಎಳೆ ತುಂಡಾಗುತ್ತದೆ. ಹಾಗಾಗಿ ನಸುಕಿನಲ್ಲೇ ಆಗಬೇಕು. ಹಾಸಿನ ಆ ಬದಿ ಒಬ್ಬರು, ಈ ಬದಿ ಒಬ್ಬರು, ಎರಡೂ ಕೈಯಿಂದ ಬ್ರಷ್ ಎಳೆಯಬೇಕು. ಕಂಬಳಿ ಹೊದ್ದರೆ ಬಗ್ಗಿದಾಗ ಜಾರಿ ಹಸಿ ನೂಲಿನ ಮೇಲೆ ಬೀಳುತ್ತದೆ. ಹೊದೆಯದಿದ್ದರೆ ಅವಳ ಗಂಡ ಮುರಗೆಪ್ಪನ ಕಿವಿಗೆ ಥಂಡಿ ಗಾಳಿ ಹೊಕ್ಕು, ಕೀವು ಸೋರಿ, ತಿಂಗಳುಗಟ್ಟಲೆ ಮಲಗಿಬಿಡುತ್ತಾನೆ. ಎರಡು ಚಳಿಗಾಲ ಹಾಗೇ ಹೋಗಿದ್ದವು. ನೂಲು ಕೊಡುವ ಸಾಹುಕಾರ ಧರಣೇಂದ್ರಪ್ಪ ಈ ಸಲ ನೇರವಾಗಿ ಹೇಳಿದ್ದ: “ಮುರಗೆಪ್ಪ ಹಾಸಿನ ಬಾಜೂಕ ನಿಲ್ಲಲಿಲ್ಲಂದ್ರ ನೂಲು ಬ್ಯಾರೆ ಮನಿಗೆ ಹೋಗತೈತಿ.”

ಸುಂದರವ್ವ ಲಗಮಣ್ಣನ ಎದುರು ಕುಕ್ಕರಿಸಿ ಕುಳಿತಳು. “ಕಂಬಳಿ ಇಡೀದು ಒಮ್ಮೆಲೆ ನೇಯ್ತೀಯೋ, ಪಟ್ಟಿ ನೇಯ್ದು ಹೊಲೀತೀಯೋ?”

“ಪಟ್ಟಿ ನೇಯ್ದು ಹೊಲೀತೇನಿ. ನನ್ನ ಮಗ್ಗದ ಅಗಲ ಅಷ್ಟ ಐತಿ.”

“ಹಂಗಾರ ಕತ್ತರಿ ಯಾತಕ್ಕ? ಎದಿಗೆರಡು, ಬೆನ್ನಿಗೊಂದು, ತೋಳಿಗೊಂದೊಂದು, ಅಳತಿ ಹಿಡದು ಪಟ್ಟಿ ನೇಯಿ. ನಾ ಹೊಲೀತೇನಿ. ನೇಯ್ದ ಬಟ್ಟಿಗೆ ಕತ್ತರಿ ತಾಗೂದಿಲ್ಲ.” ಸೆರಗಿನ ಗಂಟು ಬಿಚ್ಚಿ ಒಂದು ದಾರ ತೆಗೆದಳು. ಗಂಡ ಮಲಗಿದ್ದಾಗ ಅಳೆದು ಗಂಟು ಹಾಕಿದ್ದು: ತೋಳಿಗೊಂದು ಗಂಟು, ಬೆನ್ನಿಗೊಂದು, ತಲೆಗೊಂದು.

ಲಗಮಣ್ಣ ತಲೆಯ ಗಂಟನ್ನು ಹಿಡಿದು ನೋಡಿದ. “ಇದಕ್ಕೇನ ಮಾಡ್ಲಿ?”

“ಕೂಸಿನ ಕುಂಚಿಗಿ ನೋಡಿಲ್ಲೇನು, ತಲಿ ಮುಚ್ಚಿ ಬೆನ್ನ ಮ್ಯಾಲೆ ಇಳೀತೈತಲ್ಲ? ಅದನ್ನ ದೊಡ್ಡದು ಮಾಡು.”

“ಎಷ್ಟು ವರ್ಷದ ಕೂಸವ್ವಾ?”

“ನಲವತ್ತು. ಎರಡು ಹಲ್ಲೂ ಬಿದ್ದಾವು.”

ಲಗಮಣ್ಣ ನಕ್ಕ. ಒಂದು ಕಂಬಳಿಯ ಉಣ್ಣೆ, ಒಂದು ಕಂಬಳಿಯ ಬೆಲೆ ಎಂದು ಒಪ್ಪಿದ. “ಮೈ-ತೋಳಿನ ಪಟ್ಟಿಗೆ ಹುಣಸಿಬೀಜದ ಗಂಜಿ ಗಟ್ಟಿ ಹಚ್ಚು, ಉಣ್ಣಿ ಉದರಿ ನೂಲಿಗೆ ಹತ್ತಬಾರದು. ಕುಂಚಿಗಿಗೆ ಮಾತ್ರ ಬ್ಯಾಡ,” ಎಂದು ಅವಳು ಎರಡು ಸಲ ಹೇಳಿ ಹೋದಳು.

ಕಂಬಳಿಗೆಲ್ಲ ಗಂಜಿ ಹಚ್ಚುವ ಕೈಯ ರೂಢಿ ಮಾತು ಕೇಳುವುದಿಲ್ಲ. ಹದಿನೈದು ದಿನಕ್ಕೆ ಬಂದ ಪಟ್ಟಿಗಳಲ್ಲಿ ಕುಂಚಿಗೆಯದೂ ಗಂಜಿ ಕುಡಿದು ಸೆಟೆದಿತ್ತು. ಹೊಲಿದು ತೊಡಿಸಿದರೆ ಮುರಗೆಪ್ಪನ ತಲೆಯ ಮೇಲೆ ಮೊರದಂತೆ ನಿಂತಿತು. ಸುಂದರವ್ವ ಲಗಮಣ್ಣನಿಗೆ ನಾಲ್ಕು ಬೈದು, ಅದನ್ನು ಬಿಚ್ಚಿ ಬಿಸಿನೀರಲ್ಲಿ ಮೂರು ಸಲ ನೆನೆಸಿ ತಿಕ್ಕಿದಳು. ಒಳಗೆ ತನ್ನ ಹಳೆಯ ಇಳಕಲ್ ಸೀರೆಯ ತುಂಡು ಇಟ್ಟು ಮತ್ತೆ ಹೊಲಿದಳು. ಈಗ ಅದು ಮುರಗೆಪ್ಪನ ಕಿವಿಗಳ ಮೇಲೆ ಮೆತ್ತಗೆ ಇಳಿದು ಕುಳಿತಿತು.

ಮಾರನೆಯ ನಸುಕಿಗೆ ಹಾಸು ಬಿಗಿದರು. ರುಮಾಲು ಸುತ್ತಿದ್ದ ಧರಣೇಂದ್ರಪ್ಪ ಒಂದು ಕೈಯಲ್ಲಿ ಶಾಲನ್ನು ಗದ್ದದ ಕೆಳಗೆ ಹಿಡಿದುಕೊಂಡು ನೋಡಲು ಬಂದ. ನೋಡಿ ನಕ್ಕುಬಿಟ್ಟ. “ಏನಲೇ ಮುರಗೆಪ್ಪಾ, ನಿನ್ನ ತೊಟ್ಟಲದಾಗ ಹಾಕೂದು ಯಾವಾಗ?”

ಬೀದಿಯೇ ನಕ್ಕಿತು. ಮುರಗೆಪ್ಪನ ಬ್ರಷ್ ನಿಂತಿತು. ಒಂದು ಕೈ ಕುಂಚಿಗೆಯನ್ನು ಹಿಂದಕ್ಕೆ ಸರಿಸಲು ಮೇಲೆದ್ದಿತು.

“ಕೈ ಎತ್ತಿದ್ರ ಗಂಜಿ ಆರತೈತಿ,” ಎಂದಳು ಆ ಬದಿಯಿಂದ ಸುಂದರವ್ವ. “ಎಳಿ.”

ಅವನು ಎಳೆದ. ಬಿಸಿಲು ಬೀಳುವ ಮೊದಲು ಹಾಸು ಮುಗಿಯಿತು. ಮರುದಿನ ಇನ್ನೊಂದು. ಪುಷ್ಯ ಮಾಸ ಕಳೆಯುವವರೆಗೂ ಅವನು ಒಂದು ನಸುಕೂ ತಪ್ಪಿಸಲಿಲ್ಲ. ಕಿವಿ ಒಣಗಿಯೇ ಇತ್ತು.

ಒಂದು ಮಧ್ಯಾಹ್ನ ಧರಣೇಂದ್ರಪ್ಪ ತಾನೇ ಆಳಿನ ಮೇಲೆ ನೂಲಿನ ಗಂಟು ಹೊರಿಸಿಕೊಂಡು ಬಂದ. ಆ ಆಳು ಹೋಗುವವರೆಗೆ ಮಳೆ ಬೆಳೆ ಮಾತಾಡಿದ. ಆಮೇಲೆ ಕೋಟಿನ ಕಿಸೆಯಿಂದ ಒಂದು ದಾರ ತೆಗೆದು ಸುಂದರವ್ವನ ಮುಂದಿಟ್ಟ. ತೋಳಿಗೊಂದು ಗಂಟು, ಬೆನ್ನಿಗೊಂದು. ತಲೆಗೆ ಮಾತ್ರ ಎರಡಿದ್ದವು: ರುಮಾಲು ಸುತ್ತಿಕೊಂಡು ಅಳೆದದ್ದೊಂದು, ಬಿಚ್ಚಿಟ್ಟು ಅಳೆದದ್ದೊಂದು.

“ಯಾವುದು ಹಿಡೀಲಿರೀ ಸಾಹುಕಾರ?”

ಅವನು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

“ಸಣ್ಣದು ಹಿಡಿಯವ್ವಾ.”